ದೊಡ್ಡ ಎಮ್ಮೆಗೆ ಸಣ್ಣ ಇಂಗ್ಲಿಷು

ನನ್ನ ಮೈದುನ ಇಂಗ್ಲಿಷು ಓದುತ್ತ ಕುಳಿತದ್ದರಿಂದ ನಮ್ಮ ಎಮ್ಮೆ ಕಳೆಯಿತು. ಅದನ್ನು ಇಂಗ್ಲಿಷಿನಿಂದಲೇ ತಿರುಗಿ ತರುತ್ತೇನೆಂದು ಹೊರಟವನೂ ಅವನೇ. ನಡುವೆ ಸಿಕ್ಕವಳು ನಾನು, ಯಾಕೆಂದರೆ ಎಮ್ಮೆ ನನ್ನ ತವರಿನದು.

ಆಗ ನಾನು ಹೊಸ ಸೊಸೆ. ನನ್ನ ತವರು ಬೈಲಹೊಂಗಲ. ಕೊಟ್ಟದ್ದು ಮುನವಳ್ಳಿಗೂ ಸವದತ್ತಿಗೂ ನಡುವಿನ ಒಂದು ಹಳ್ಳಿಗೆ. ಮೋಟಾರು ಇನ್ನೂ ಈ ಕಡೆ ಬಂದಿರಲಿಲ್ಲ, ನಡೆದೋ ಚಕ್ಕಡಿಯಲ್ಲೋ ಹೋಗಬೇಕು. ಮಾವ ತೀರಿಹೋಗಿದ್ದ. ಮನೆಯಲ್ಲಿ ಅತ್ತೆ, ನನ್ನ ಗಂಡ, ಗಂಡನ ತಮ್ಮ. ಮನೆಯನ್ನು ಆಳುತ್ತಿದ್ದವಳು ಅತ್ತೆ. ಉಳಿದವರು ಆಳಿಸಿಕೊಳ್ಳುತ್ತಿದ್ದೆವು.

ನನ್ನನ್ನು ಕಳಿಸುವಾಗ ಅಪ್ಪ ಕಿತ್ತೂರಿನ ಸಂತೆಯಿಂದ ಒಂದು ಎಮ್ಮೆ ಕೊಂಡು ಜೊತೆಗೆ ಕಳಿಸಿದ್ದ. ಅದು ಎಂಥ ಎಮ್ಮೆ ಎಂದು ಈಗ ಹೇಳಬಹುದು, ಅದು ಸತ್ತು ಎಷ್ಟೋ ಕಾಲವಾಯಿತು. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ಅದು ಕೂತ ಜಾಗದಲ್ಲಿ ಎರಡು ಎತ್ತು ಮಲಗಬಹುದಿತ್ತು. ಹಾಲೂ ಹಾಗೆಯೇ. ಆದರೆ ಅದು ಬದುಕಿದ್ದಾಗ ನಮ್ಮ ಮನೆಯಲ್ಲಿ ಯಾರೂ ಅದನ್ನು ದೊಡ್ಡದೆಂದವರಿಲ್ಲ.

ನಮ್ಮ ಕಡೆ ತನ್ನ ಪದಾರ್ಥವನ್ನು ಯಾರೂ ದೊಡ್ಡದೆನ್ನುವುದಿಲ್ಲ. ಜೋಳದ ತೆನೆ ತೊಡೆಯಷ್ಟು ದಪ್ಪ ಬಂದಿದ್ದರೂ, "ಹೆಂಗೈತ್ರಿ ಬೆಳಿ?" ಎಂದು ಕೇಳಿದರೆ, "ಎಲ್ಲಿ ಬೆಳಿರಿ, ಗುಬ್ಬಿಗೂ ಸಾಲಂಗಿಲ್ಲ" ಎನ್ನಬೇಕು. ಕೂಸು ಗುಂಡಗಲ್ಲಿನ ಹಾಗೆ ಇದ್ದರೆ "ಸೊರಗೇತ್ರಿ" ಎನ್ನಬೇಕು. ದೊಡ್ಡದೆಂದರೆ ದೃಷ್ಟಿ ತಾಗುತ್ತದೆ, ನಮ್ಮ ಮಾತಿನಲ್ಲಿ ನೆದರ. ಇನ್ನೊಬ್ಬರ ಬೆಳೆ, ಇನ್ನೊಬ್ಬರ ಕೂಸು, ಇನ್ನೊಬ್ಬರ ದನ ಮಾತ್ರ ಎಷ್ಟು ದೊಡ್ಡದೆಂದರೂ ನಡೆಯುತ್ತದೆ. ಅತ್ತೆ ಈ ವಿಷಯದಲ್ಲಿ ಇಡೀ ಊರಿಗೆ ಮುಂದು. ಹಾಲು ಕೇಳಲು ಬಂದವರ ಎದುರು ಎಮ್ಮೆಯ ಮೇಲೆ ಗೋಣಿ ಹೊಚ್ಚಿ ಬಿಡುತ್ತಿದ್ದಳು. ಗೋಣಿ ಅರ್ಧ ಬೆನ್ನಿಗೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಮೈದುನ ಬೆಳಗಾವಿಗೆ ಹೋಗಿ ಇಂಗ್ಲಿಷು ಓದಿ ಬಂದಿದ್ದ. ಪೂರ್ತಿ ಓದಿರಲಿಲ್ಲ. ಸಾಲೆಯವರು ಸಾಕೆಂದರೋ ಇವನೇ ಸಾಕೆಂದನೋ, ಮನೆಯಲ್ಲಿ ಎರಡು ಬಗೆಯಾಗಿ ಹೇಳುತ್ತಿದ್ದರು. ಬರುವಾಗ ಒಂದು ಪುಸ್ತಕ ತಂದಿದ್ದ. ಒಂದು ದಿನ ಎಮ್ಮೆಗೆ ನೀರು ಕುಡಿಸಿ ಬಾ ಎಂದು ಹೊಳೆಗೆ ಕಳಿಸಿದರೆ, ಜಾಲಿಮರದ ಕೆಳಗೆ ಕೂತು ಅದನ್ನೇ ಓದಿದ. ತಲೆ ಎತ್ತುವ ಹೊತ್ತಿಗೆ ಎಮ್ಮೆ ಇರಲಿಲ್ಲ. ಅದು ಮೇಯುತ್ತ ಮೇಯುತ್ತ ಸವದತ್ತಿಯ ಕಡೆ ಹೋಗಿ ಯಾರದೋ ಜೋಳಕ್ಕೆ ಬಾಯಿ ಹಾಕಿತ್ತು. ಹೊಲದವರು ಅದನ್ನು ಸವದತ್ತಿಯ ಕೊಂಡವಾಡಕ್ಕೆ ನೂಕಿದ್ದರು. ದಿಕ್ಕಿಲ್ಲದೆ ತಿರುಗುವ ದನಗಳನ್ನು ಸರಕಾರದವರು ಕೂಡಿಹಾಕುವ ದೊಡ್ಡಿ ಅದು.

ಹುಡುಕಿಕೊಂಡು ನನ್ನ ಗಂಡ ಅಲ್ಲಿಗೆ ಮುಟ್ಟುವ ಹೊತ್ತಿಗೆ, ರಾಮದುರ್ಗದ ಕಡೆಯವನೊಬ್ಬ ಬಂದು ಎಮ್ಮೆ ತನ್ನದೆಂದು ಹೇಳಿದ್ದ. ಎಮ್ಮೆಯನ್ನು ಒಳಗೆ ಹೋಗಿ ಸುತ್ತಲೂ ನೋಡಿಯೂ ಬಂದಿದ್ದ. ಕೊಂಡವಾಡದವನು ಇಬ್ಬರಿಗೂ ಕೊಡಲಿಲ್ಲ. "ಪ್ರಾಂತ ಸಾಹೇಬ್ರು ಬರೂ ವಾರ ಇಲ್ಲೇ ಡೇರೆ ಹಾಕತಾರ. ಅವರ ಮುಂದ ಹೇಳಕೋರಿ" ಎಂದು ಕಳಿಸಿದ. ಪ್ರಾಂತ ಸಾಹೇಬನೆಂದರೆ ಊರೂರು ತಿರುಗಿ ತಕರಾರು ತೀರಿಸುವ ಬಿಳಿಯ ಅಧಿಕಾರಿ.

ಗಂಡ ಬಂದು ಇದನ್ನು ಹೇಳಿದಾಗ ಅತ್ತೆ ಕಿರಿಯ ಮಗನಿಗೆ ಏನೂ ಅನ್ನಲಿಲ್ಲ, ಓದಿದ ಮಗ. ನನ್ನ ಕಡೆ ತಿರುಗಿದಳು.

"ಎಮ್ಮಿ ಬಂದ್ರ ಬಂತು. ಬರದಿದ್ರ ನೀ ಬೈಲಹೊಂಗಲಕ್ಕ ಹೋಗಿ ನಿಮ್ಮಪ್ಪನ ಕಡಿಂದ ಇನ್ನೊಂದು ಹೊಡಕೊಂಡ ಬಾ. ಎಮ್ಮಿ ಇಲ್ಲದ ಈ ಹೊಸ್ತಿಲಾ ತುಳೀಬ್ಯಾಡ."

"ಕಳದವ್ರು ಅವ್ರು, ಹೋಗಾಕಿ ನಾನು?" ಎಂದೆ.

"ಎಮ್ಮಿ ಯಾರ ತವರಿಂದು?"

ಅಪ್ಪನ ಕೊಟ್ಟಿಗೆಯಲ್ಲಿ ಇನ್ನೊಂದು ಎಮ್ಮೆ ಇರಲಿಲ್ಲ, ಉಳಿದಿದ್ದ ಒಂದನ್ನು ನನ್ನ ತಂಗಿಯ ಜೊತೆ ಕಳಿಸಿಯಾಗಿತ್ತು. ಹೋದರೆ ನಾನು ಹೋದ ಹಾಗೇ. ನನ್ನ ಗಂಡ ಮೊದಲೇ ಮಾತು ಕಡಿಮೆಯವನು. ಅಂದು ಇನ್ನೂ ಕಡಿಮೆ ಮಾಡಿದ.

ಸಾಹೇಬನ ಡೇರೆ ಬಿದ್ದ ಸುದ್ದಿ ಬಂದ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ನಾನೂ ಅತ್ತೆಯೂ ಜೋಳ ಹಸನು ಮಾಡುತ್ತಿದ್ದೆವು. ಮೈದುನ ಪುಸ್ತಕ ಹಿಡಿದುಕೊಂಡು ಎದುರಿಗೆ ಬಂದು ಕೂತ.

"ಶಿರಸ್ತೇದಾರನ್ನ ನಡುವ ಬಿಡಬಾರದವ್ವಾ. ನಾವು ಒಂದು ಅಂದ್ರ ಅವ ಸಾಹೇಬ್ರಿಗೆ ಒಂದು ಹೇಳತಾನ. ನಾನ ನೇರ ಇಂಗ್ಲಿಷಿನ್ಯಾಗ ಮಾತಾಡತೇನಿ."

"ಮಾತಾಡು. ಎಮ್ಮಿ ಹೆಂಗೈತಿ ಅಂತ ಕೇಳಿದ್ರ ಏನಂತೀ?"

"ಬಿಗ್ ಅಂತೇನಿ."

"ಹಂಗಂದ್ರ?"

"ದೊಡ್ಡದು."

ಅತ್ತೆ ಮೊರವನ್ನು ಕೆಳಗೆ ಕುಕ್ಕಿ ಎದ್ದಳು. ಒಳಗಿನಿಂದ ಉಪ್ಪು ಮೆಣಸಿನಕಾಯಿ ತಂದು, ಥೂ ಥೂ ಎಂದು ನಿವಾಳಿಸಿದಳು. ಎಮ್ಮೆ ಸವದತ್ತಿಯಲ್ಲಿತ್ತು. ಅದನ್ನು ಕಟ್ಟುತ್ತಿದ್ದ ಗೂಟಕ್ಕೇ ನಿವಾಳಿಸಿದಳು.

"ಇಂಗ್ಲಿಷಿನ್ಯಾಗ ಅಂದೆವ್ವಾ!" ಎಂದು ಇವನು ಕೂಗಿದ. "ಇಂಗ್ಲಿಷಿನ್ಯಾಗ ಅಂದ್ರ ನೆದರ ಆಗಂಗಿಲ್ಲ."

"ನೆದರಿಗೆ ಭಾಷಾ ಎಲ್ಲೈತೋ, ಹುಚ್ಚಾ? ಬೆಳಗಾವ್ಯಾಗ ಮಂದಿಗೆ ನೆದರ ಆಗೂದ ಇಲ್ಲೇನು?"

"ಬರೇ ಬಿಗ್ ಅಲ್ಲ, ಇನ್ನೂ ಅದಾವು. ಲಾರ್ಜ್ ಐತಿ, ಗ್ರೇಟ್ ಐತಿ, ಹ್ಯೂಜ್ ಐತಿ. ನಿನಗ ಬೇಕಾದ್ದು ಆರಿಸ್ಕೋ."

ನನಗೆ ಕುತೂಹಲ ಬಂತು. "ಲಾರ್ಜ್ ಅಂದ್ರೇನು?" ಎಂದೆ.

"ದೊಡ್ಡದು, ವೈನಿ."

"ಗ್ರೇಟ್?"

"ದೊಡ್ಡದು."

"ಹ್ಯೂಜ್?"

ಸ್ವಲ್ಪ ಹೊತ್ತು ಮೇಲಿನ ತೊಲೆ ನೋಡಿದ. "ಭಾಳ ದೊಡ್ಡದು."

"ಒಂದ ಕೆಲಸಕ್ಕ ನಾಕು ಆಳು ಇಟ್ಟಾರ. ಪಗಾರ ಯಾರು ಕೊಡತಾರ?"

ಅವನಿಗೆ ಸಿಟ್ಟು ಬಂತು. ಒಂದೊಂದಕ್ಕೂ ಒಂದೊಂದು ಜಾಗ ಇದೆ, ಅಡ್ಡಾದಿಡ್ಡಿ ಹಾಕಿದರೆ ಸಾಹೇಬರು ನಗುತ್ತಾರೆ, ತಾನು ಇದಕ್ಕಾಗಿ ಬೆಳಗಾವಿಯಲ್ಲಿ ಛಡಿಯೇಟು ತಿಂದಿದ್ದೇನೆ ಎಂದ. ಕೈಯಿಂದ ಮುಟ್ಟಿ ನೋಡುವಂಥದ್ದಕ್ಕೆ ಬಿಗ್ ಅಂತೆ, ಪೆಟ್ಟಿಗೆ, ಕಲ್ಲು, ಎಮ್ಮೆ. ಹರಡಿಕೊಂಡು ಬಿದ್ದದ್ದಕ್ಕೆ ಲಾರ್ಜ್ ಅಂತೆ, ಹೊಲ, ಜಮಖಾನೆ. ರಾಜರಿಗೂ ದೇವರಿಗೂ ಗ್ರೇಟ್. ತಲೆ ಎತ್ತಿ ನೋಡಿದರೂ ಮುಗಿಯದ್ದಕ್ಕೆ ಹ್ಯೂಜ್.

"ಹಂಗಾದ್ರ ಯಲ್ಲಮ್ಮನ ಗುಡ್ಡ?" ಎಂದೆ.

"ಹ್ಯೂಜ್."

"ಅಲ್ಲಿ ದೇವಿ ಅದಾಳಲ್ಲ?"

"ಗುಡ್ಡ ಹ್ಯೂಜ್, ದೇವಿ ಗ್ರೇಟ್."

"ಗುಡಿ ಪ್ರಾಂಗಣ?"

"ಅದು ಲಾರ್ಜ್."

"ಉಗರಗೋಳದಿಂದ ಬಂದು ಪಾವಟಿಗಿ ಮ್ಯಾಲ ಕುಂಕುಮ ಮಾರತಾಳಲ್ಲ, ಆ ದಪ್ಪನ್ನ ಮುದುಕಿ?"

"ಆಕಿ ಬಿಗ್," ಎಂದುಬಿಟ್ಟ. ಆಮೇಲೆ ಯೋಚನೆ ಮಾಡಿ, "ಆದ್ರ ಆಕೀನ್ನ ಮುಟ್ಟಿ ನೋಡೂದು ಬ್ಯಾಡ" ಎಂದ.

ನನ್ನ ಗಂಡ ಮೂಲೆಯಲ್ಲಿ ಕಣ್ಣಿ ಹೊಸೆಯುತ್ತಿದ್ದವನು ನಕ್ಕ. ಅತ್ತೆ ನಗಲಿಲ್ಲ. ನಮ್ಮ ಕೈಯಲ್ಲಿದ್ದ ಜೋಳವನ್ನೆಲ್ಲ ಒಂದು ಕಡೆ ಸರಿಸಿ, ಸಂತೆಯಲ್ಲಿ ಬದನೆಕಾಯಿ ಆರಿಸಲು ಕೂತ ಹಾಗೆ ಮಗನ ಎದುರು ಕೂತಳು.

"ದೊಡ್ಡವ್ನೆಲ್ಲಾ ಆಕಡೆ ಇಡು. ಸಣ್ಣವು ಎಷ್ಟದಾವು?"

ಸಣ್ಣವೂ ಒಂದಕ್ಕಿಂತ ಹೆಚ್ಚಿದ್ದವು. ಸ್ಮಾಲ್, ಲಿಟ್ಲ್, ಟೈನಿ.

"ಎಲ್ಲಾಕಿಂತ ಸಣ್ಣದು ಯಾವುದು?"

"ಟೈನಿ. ಇರಿವಿಯಷ್ಟು."

ಅತ್ತೆ ಅದನ್ನು ಬಾಯಲ್ಲಿ ಹಾಕಿಕೊಂಡು ನೋಡಿದಳು. "ಟೈನಿ ಬ್ಯಾಡ. ಇರಿವಿ ಕಳಕೊಂಡು ಡೇರೇತನಕ ಬಂದಾರ ಅಂತಾರ. ಉಳಿದಾವು ಹೆಂಗ?"

"ಸ್ಮಾಲ್ ಅಂದ್ರ ಬರೇ ಅಳತಿ ಸಣ್ಣದು. ಲಿಟ್ಲ್ ಅಂದ್ರ ಸಣ್ಣದು, ಮ್ಯಾಲ ಒಂದೀಟು ಅಕ್ಕರತಿ. ನಮ್ಮ ಕೂಸಿಗೆ ಅಂದಂಗ."

"ಅಕ್ಕರತಿ ಇದ್ದದ್ದ ಹಾಕು. ನನ್ನ ಎಮ್ಮಿ."

ಎಮ್ಮೆ ಇಷ್ಟು ಬೇಗ ಅವಳದಾಯಿತು.

"ಅದರ ಮುಂದ ವೆರಿ ಅಂತ ಹಚ್ಚಬಹುದವ್ವಾ. ವೆರಿ ಅಂದ್ರ ಭಾಳ."

"ಹಚ್ಚು. ಎರಡ ಸಲ ಹಚ್ಚು. ಹೆಚ್ಚಿಗಿ ಏನರ ಕೊಡಬೇಕೇನು?"

ಆಗ ನಾನು ಬಾಯಿ ಹಾಕಿದೆ. "ಅತ್ತಿ, ಸಾಹೇಬ ಪರದೇಶದಾಂವ. ಅವಗ ನಮ್ಮ ಪದ್ಧತಿ ಗೊತ್ತಿಲ್ಲ. ಸಣ್ಣದಂತ ನಾವು ಹೇಳಿ, ಎಮ್ಮಿ ತಂದು ಮುಂದ ನಿಲ್ಲಿಸಿದ್ರ?"

"ತಮ್ಮದಾದ್ರ ಸಣ್ಣದಂತಾರ, ಮಂದೀದಾದ್ರ ದೊಡ್ಡದಂತಾರ. ಇಷ್ಟು ತಿಳೀಲಾರದವ್ರು ರಾಜ್ಯ ಹೆಂಗ ಆಳತಾರ?"

ಅದೂ ಖರೆ ಅನ್ನಿಸಿತು. ಅಷ್ಟು ದೂರದಿಂದ ಬಂದು ಇಷ್ಟು ಮಂದಿಯನ್ನು ಆಳುವವರಿಗೆ ಇಷ್ಟೂ ಗೊತ್ತಿರುವುದಿಲ್ಲವೇ ಎಂದುಕೊಂಡೆ. ಗೊತ್ತಿರಲಿಲ್ಲ.

ಮರುದಿನ ರೊಟ್ಟಿ ಕಟ್ಟಿಕೊಂಡು ನಾಲ್ವರೂ ಹೊರಟೆವು. ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಯಿಂದಲ್ಲ. ಎಮ್ಮೆ ಸಿಗದಿದ್ದರೆ ಸವದತ್ತಿಯಿಂದಲೇ ಬೈಲಹೊಂಗಲದ ಹಾದಿಗೆ ಹಚ್ಚಬೇಕೆಂದು ಅತ್ತೆಯ ಲೆಕ್ಕ. ನನ್ನ ಎರಡು ಸೀರೆಯ ಗಂಟನ್ನು ನಾನೇ ಹೊತ್ತಿದ್ದೆ. ಮೈದುನ ಹಾದಿಯುದ್ದಕ್ಕೂ ವೆರಿ ಲಿಟ್ಲ್, ವೆರಿ ಲಿಟ್ಲ್ ಎಂದು ಜಪ ಮಾಡುತ್ತ ಬಂದ. ಎದುರಿಗೆ ಬಂದವರು ಯಾವ ದೇವರದೆಂದು ಕೇಳಿದರು.

ಊರ ಹೊರಗೆ ಮಾವಿನ ತೋಪಿನಲ್ಲಿ ಸಾಹೇಬನ ಡೇರೆ. ಮುಂದೆ ಒಂದು ಮೇಜು, ಮೇಜಿನ ಹಿಂದೆ ಸಾಹೇಬ. ಇನ್ನೂ ಹುಡುಗುತನ ಹೋಗಿರಲಿಲ್ಲ, ಬಿಸಿಲಿಗೆ ಮೂಗು ಸುಲಿದು ಕೆಂಪಾಗಿತ್ತು. ಪಕ್ಕಕ್ಕೆ ಶಿರಸ್ತೇದಾರ. ಕನ್ನಡದ ಮಾತನ್ನು ಇಂಗ್ಲಿಷು ಮಾಡಿ ಸಾಹೇಬನಿಗೆ ಹೇಳುವವನು, ಸಾಹೇಬನದನ್ನು ನಮಗೆ ಹೇಳುವವನು ಅವನು. ಸುತ್ತಲೂ ತಮ್ಮ ತಮ್ಮ ತಕರಾರು ಹಿಡಿದುಕೊಂಡು ಬಂದ ಮಂದಿ. ಸವದತ್ತಿಯ ಗೌಡರು ತಮ್ಮ ಕುದುರೆ ಸಮೇತ ಬಂದಿದ್ದರು. ನಮ್ಮ ಊರಿನವರೂ ಕೆಲವರು ನೋಡಲಿಕ್ಕೆಂದೇ ಬಂದಿದ್ದರು.

ರಾಮದುರ್ಗದವನು ನಮಗಿಂತ ಮೊದಲೇ ಬಂದು ಕೂತಿದ್ದ. ಜರದ ರುಮಾಲು, ಕಿವಿಯಲ್ಲಿ ಮುರುವು. ಅವನು ಬಂದ ಚಕ್ಕಡಿ ತೋಪಿನ ಅಂಚಿಗೆ ಬಿಟ್ಟಿತ್ತು. ಅದರ ಎತ್ತುಗಳನ್ನು ನಾನು ಬರುವಾಗಲೇ ನೋಡಿದ್ದೆ. ಅಂಥ ಎತ್ತು ಬೈಲಹೊಂಗಲದ ಸಂತೆಯಲ್ಲೂ ಸಿಗುತ್ತಿರಲಿಲ್ಲ. ಹೆಗಲ ಮೇಲಿನ ಹಿಣಿಲು ನನ್ನ ತಲೆಯ ಮಟ್ಟಕ್ಕಿತ್ತು.

ಮೊದಲು ಸಾಕ್ಷಿ ಕೇಳಿದರು. ನಮ್ಮ ಊರಿನವರು ಎಮ್ಮೆ ನಮ್ಮದೆಂದರು. ಅವನ ಕಡೆಯವರು ಅವನದೆಂದರು. ಸಾಹೇಬ ಸಾಕ್ಷಿಯವರನ್ನು ಬದಿಗೆ ಕಳಿಸಿ ಒಂದು ಉಪಾಯ ತೆಗೆದ. ಎಮ್ಮೆಯನ್ನು ಡೇರೆಯ ಹಿಂದೆ ಕಾಣದ ಹಾಗೆ ನಿಲ್ಲಿಸಿ, ಇಬ್ಬರೂ ಅದು ಹೇಗಿದೆ ಎಂದು ವರ್ಣಿಸಿರಿ ಎಂದ. ಕೋಡು ಹೇಗೆ? ಹಿಂದಕ್ಕೆ ಬಾಗಿದೆ, ಎರಡೂ ಕಡೆಯವರು ಹೇಳಿದರು. ಬಾಲ? ತುದಿಗೆ ಬಿಳಿ ಕೂದಲು, ಎರಡೂ ಕಡೆಯವರು ಹೇಳಿದರು. ಅವನು ನೋಡಿ ಹೋಗಿದ್ದನಲ್ಲ. ಕೊನೆಗೆ, ಗಾತ್ರ ಎಷ್ಟು?

ಮೈದುನ ಎರಡು ಹೆಜ್ಜೆ ಮುಂದೆ ಹೋಗಿ ಎದೆ ಉಬ್ಬಿಸಿ ನಿಂತ. "ಲಿಟ್ಲ್, ಸರ್" ಎಂದ. ಹಿಂದೆ ತಿರುಗಿ ಅವ್ವನ ಮುಖ ನೋಡಿದ. "ವೆರಿ ಲಿಟ್ಲ್. ವೆರಿ ವೆರಿ."

ಸಾಹೇಬ ತಲೆ ಆಡಿಸಿ ರಾಮದುರ್ಗದವನ ಕಡೆ ನೋಡಿದ.

"ಏನ ಹೇಳ್ಲಿ ಸರಕಾರ!" ಎಂದು ಅವನು ಎರಡೂ ಕೈ ಅಗಲಿಸಿದ. "ಆನಿಯಂಥಾ ಎಮ್ಮಿ! ನಿಂತ್ರ ಗ್ವಾಡಿ ನಿಂತಂಗ ಕಾಣತೈತಿ!"

"ಹಾಟ್ಯಾ! ನಮ್ಮ ಎಮ್ಮಿಗೆ ಕಣ್ಣ ಹಾಕಾಕತ್ತಾನ!" ಎಂದು ಅತ್ತೆ ನನ್ನ ಕಿವಿಯಲ್ಲಿ ಅಂದು ಬೆರಳು ಮುರಿದಳು.

ಶಿರಸ್ತೇದಾರ ಆನೆ, ಗೋಡೆ ಎಲ್ಲ ಬಿಟ್ಟು ಚಿಕ್ಕದಾಗಿ ಏನೋ ಹೇಳಿದ. ಮೈದುನ ನಮ್ಮ ಕಡೆ ಬಗ್ಗಿ, "ಕೇಳಿದ್ರೇನು ವೈನಿ? ಲಾರ್ಜ್ ಅಂದ! ಎಮ್ಮಿಗೆ! ಹೊಲಕ್ಕ ಅನ್ನೂದನ್ನ!" ಎಂದ. ಅವನ ಮುಖದಲ್ಲಿ ಗೆದ್ದವರ ಕಳೆ ಇತ್ತು. ನಾವು ಸೋತದ್ದು ಅವನಿಗಿನ್ನೂ ತಿಳಿದಿರಲಿಲ್ಲ.

ಎಮ್ಮೆಯನ್ನು ಮುಂದೆ ತಂದರು. ಸರಕಾರದ ಮೇವು ತಿಂದು ಅದು ಇನ್ನಷ್ಟು ಉಬ್ಬಿತ್ತು. ಡೇರೆಯ ಹಗ್ಗವೊಂದನ್ನು ಕಿತ್ತುಕೊಂಡೇ ಬಂತು. ಅದು ಮೇಜಿನ ಎದುರು ನಿಂತಾಗ ಸಾಹೇಬನಿಗೆ ಎದ್ದು ನಿಲ್ಲದೆ ಆಚೆ ಬದಿಯ ಮಂದಿ ಕಾಣಲಿಲ್ಲ. ಎದ್ದು ನಿಂತು ಎಮ್ಮೆಯನ್ನು ನೋಡಿದ, ಮೈದುನನನ್ನು ನೋಡಿದ, ಇಂಗ್ಲಿಷಿನಲ್ಲಿ ಏನೋ ಕೇಳಿದ. ಇದು ಸಣ್ಣದೇ ಎಂದು ಕೇಳಿದನೆಂದು ತಿಳಿಯಲು ಇಂಗ್ಲಿಷು ಬೇಕಿರಲಿಲ್ಲ.

ಮೈದುನ ಎಮ್ಮೆಯ ಕಡೆ ನೋಡಿದ, ಅವ್ವನ ಕಡೆ ನೋಡಿದ. ತನಗೆ ಬರುವ ಮಾತನ್ನೆಲ್ಲ ಒಳಗೆ ತಡಕಾಡಿ ಕಡೆಗೆ ಒಂದು ತೆಗೆದ.

"ಲಿಟ್ಲ್ ಬಿಗ್, ಸರ್."

ಸಾಹೇಬ ಕುಳಿತ. ಶಿರಸ್ತೇದಾರ ನಮಗೆ ತೀರ್ಪು ಹೇಳಿದ: "ತಮ್ಮ ಎಮ್ಮಿ ಎಷ್ಟೈತಿ ಅಂತ ಗೊತ್ತಿರಲಾರದವ್ರ ಎಮ್ಮಿ ಇದು ಇರಲಿಕ್ಕೆ ಸಾಧ್ಯ ಇಲ್ಲ ಅಂತಾರ. ಆ ಮನಶ್ಯಾ ಸರಿಯಾಗಿ ಹೇಳ್ಯಾನ. ಅವಂದು."

ರಾಮದುರ್ಗದವನು ಹಗ್ಗ ಹಿಡಿಯಲು ಹೋದ. ನಾನು ನನ್ನ ಗಂಟನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಹಾಕಿಕೊಂಡೆ. ಬೈಲಹೊಂಗಲ ಎಷ್ಟು ದೂರ, ಯಾವ ಊರಲ್ಲಿ ಉಳಿಯಬೇಕು, ಅಪ್ಪನ ಎದುರು ಏನೆಂದು ಬಾಯಿ ತೆರೆಯಬೇಕು ಎಂದೇ ತಲೆ ಓಡುತ್ತಿತ್ತು. ಅಳು ಬರಲಿಲ್ಲ. ಸಿಟ್ಟು ಬಂದಿತ್ತು, ಯಾರ ಮೇಲೆಂದು ಗೊತ್ತಾಗಲಿಲ್ಲ, ಅಷ್ಟು ಜನ ಇದ್ದರು.

ಇನ್ನೊಬ್ಬರ ತಕರಾರು ಕರೆಯುವುದರೊಳಗೆ ಸಾಹೇಬನ ಕಣ್ಣು ತೋಪಿನ ಅಂಚಿನ ಎತ್ತುಗಳ ಮೇಲೆ ಬಿತ್ತು. ಸುಮ್ಮನೆ, ಗೆದ್ದವನ ಜೊತೆ ಒಂದು ಒಳ್ಳೆಯ ಮಾತಾಡಬೇಕೆಂದು ಏನೋ ಕೇಳಿದ. ಶಿರಸ್ತೇದಾರ ಅದನ್ನು ಕನ್ನಡ ಮಾಡಿದ:

"ಆ ಎತ್ತೂ ನಿಮ್ಮವ ಏನು ಅಂತ ಕೇಳತಾರ. ಭಾಳ ಛಲೋ ಅದಾವು, ಭಾಳ ದೊಡ್ಡವು ಅದಾವು ಅಂತಾರ."

ರಾಮದುರ್ಗದವನು ಹಗ್ಗ ಬಿಟ್ಟು ಗಾಬರಿಯಿಂದ ಕೈ ಜೋಡಿಸಿದ. "ಎಲ್ಲೀ ದೊಡ್ಡವರಿ ಸರಕಾರ! ಎರಡು ಬಡಕಲ ಕರ. ಏನೋ ಉಸರು ಹಿಡಕೊಂಡು ಗಾಡಿ ಎಳೀತಾವ್ರಿ."

ಹಿಂದೆ ಯಾರೋ ಫಕ್ಕನೆ ನಕ್ಕರು. ಅದು ಹರಡಿತು. ಸಾಹೇಬ ಯಾಕೆ ನಗುತ್ತಾರೆಂದು ತಿಳಿಯದೆ ಆ ಕಡೆ ಈ ಕಡೆ ನೋಡಿದ.

ಹಿರಿಯರ ಎದುರು ಸೊಸೆ ಬಾಯಿ ತೆರೆಯುವ ಕಾಲವಲ್ಲ ಅದು ಎಂದು ಈಗಿನವರಿಗೆ ಹೇಳಬೇಕಾಗುತ್ತದೆ. ನನಗೆ ಹೇಗೂ ಮನೆ ಬಿಟ್ಟು ಹೋಗುವುದಿತ್ತು. ಸೆರಗು ಹಣೆಯ ತನಕ ಎಳೆದುಕೊಂಡು ಮುಂದೆ ಬಂದೆ.

"ಎತ್ತು ನಿನ್ನವು, ಅದಕ್ಕ ಕರ ಆದವು. ಎಮ್ಮಿ ಮಂದೀದು, ಅದಕ್ಕ ಆನಿ ಆತು. ಹೌದಲ್ಲೋ ಯಪ್ಪಾ?" ಎಂದೆ ಅವನಿಗೆ. ಶಿರಸ್ತೇದಾರನಿಗೆ, "ಹೇಳ್ರಿ ಸಾಹೇಬ್ರಿಗೆ. ಎಮ್ಮಿ ದೊಡ್ಡದೈತಿ. ಈ ಸೀಮ್ಯಾಗ ಇಂಥಾದ್ದು ಇನ್ನೊಂದಿಲ್ಲ. ಹೊತ್ತಿಗೆ ತಂಬಿಗಿ ತುಂಬಿ ಹೊರಗ ಚೆಲ್ಲತೈತಿ, ನಾನ ಹಿಂಡತೇನಿ. ನಮ್ಮದು ಅಂತ ಸಣ್ಣದು ಅಂದೇವಿ. ತನ್ನದಾಗಿದ್ರ ಅವನೂ ಹಂಗ ಅಂತಿದ್ದ."

ಹಿಂದಿನಿಂದ ಅತ್ತೆ ನನ್ನ ಸೀರೆಯ ಸೆರಗನ್ನು ಜಗ್ಗುತ್ತಿದ್ದಳು. "ಬಾಯಿ ಮುಚ್ಚ, ಎಮ್ಮಿ ಸಾಯತೈತಿ! ಬಾಯಿ ಮುಚ್ಚ!"

ಶಿರಸ್ತೇದಾರ ನನ್ನನ್ನು ಗದರಿಸಲಿಲ್ಲ. ಅವನೂ ಈ ಕಡೆಯವನೇ, ಅವನ ಮನೆಯಲ್ಲೂ ಕೂಸುಗಳು ಸೊರಗಿದ್ದವು. ಸಾಹೇಬನ ಕಡೆ ಬಗ್ಗಿ ಇಂಗ್ಲಿಷಿನಲ್ಲಿ ತಿಳಿಸಿ ಹೇಳತೊಡಗಿದ. ಬಹಳ ಹೊತ್ತು ಹಿಡಿಯಿತು. ಸಾಹೇಬ ನಂಬಲಿಲ್ಲ. ಗೌಡರ ಕಡೆ ಬೆರಳು ಮಾಡಿ, ಅವರ ಕುದುರೆಯ ಕಡೆ ಬೆರಳು ಮಾಡಿ, ಇದು ಹೇಗೆ ಎಂದು ಕೇಳಿದ. ಗೌಡರು ನಾಚಿಕೊಂಡು ಹೇಳಿದರು, "ಅಗಸರ ಕತ್ತಿಯಂಥಾದ್ದರಿ ಸಾಹೇಬ್ರ."

ಸಾಹೇಬ ರಾಮದುರ್ಗದವನನ್ನು ಮತ್ತೆ ಮುಂದೆ ಕರೆದ. ಎತ್ತು ನಿಮ್ಮವೇ? ನನ್ನವರಿ. ಸಣ್ಣವೇ? ಸಣ್ಣವರಿ. ಎಮ್ಮೆ ನಿಮ್ಮದೇ? ನಂದರಿ. ಹಾಗಾದರೆ ಎಮ್ಮೆ ದೊಡ್ಡದೋ ಸಣ್ಣದೋ?

ಆ ಮನುಷ್ಯ ಎಮ್ಮೆ ನೋಡಿದ. ದೊಡ್ಡದೆಂದರೆ ತನ್ನದಲ್ಲ, ಸಣ್ಣದೆಂದರೆ ಮೊದಲು ಹೇಳಿದ್ದು ಸುಳ್ಳು. ರುಮಾಲು ಸರಿಮಾಡಿಕೊಂಡ.

"ನಡುತರ ಐತ್ರಿ" ಎಂದ.

ಶಿರಸ್ತೇದಾರನಿಗೆ ಇದನ್ನು ಇಂಗ್ಲಿಷು ಮಾಡಲು ಆಗಲಿಲ್ಲ, ಅವನೇ ನಗುತ್ತಿದ್ದ. ಸಾಹೇಬನೂ ನಕ್ಕ. ನಕ್ಕು ನಮ್ಮ ಕಡೆ ಕೈ ಮಾಡಿದ. ಎಮ್ಮೆ ನಮ್ಮದಾಯಿತು.

ಈಗ ಇದನ್ನು ಕೇಳಿದವರು, ಎಮ್ಮೆಯನ್ನು ಇಬ್ಬರಿಂದಲೂ ಹಿಂಡಿಸಿ ನೋಡಿದ್ದರೆ ಆಗುತ್ತಿರಲಿಲ್ಲವೇ, ಕೈ ಗುರುತು ಇದ್ದವರಿಗಲ್ಲದೆ ಎಮ್ಮೆ ಹಾಲಿಳಿಸುವುದಿಲ್ಲವಲ್ಲ ಎನ್ನುತ್ತಾರೆ. ಆಗುತ್ತಿತ್ತು. ಅಷ್ಟು ಬುದ್ಧಿ ಅಂದು ಅಲ್ಲಿ ಯಾರಿಗೂ ಬರಲಿಲ್ಲ. ಸಾಹೇಬನಿಗೆ ಹಾಲು ಡಬ್ಬಿಯಲ್ಲಿ ಬರುತ್ತಿತ್ತು. ನಮಗೆ ನಮ್ಮ ಇಂಗ್ಲಿಷೇ ಸಾಕಾಗಿತ್ತು.

ಎಲ್ಲ ಮುಗಿದು ನನ್ನ ಗಂಡ ಎಮ್ಮೆಗೆ ಕಣ್ಣಿ ಹಾಕುತ್ತಿದ್ದರೆ, ಮೈದುನ ಶಿರಸ್ತೇದಾರನ ಹತ್ತಿರ ಹೋಗಿ ನಿಂತ.

"ರಾಯರ, ಸಿಟ್ಟಾಗಬ್ಯಾಡ್ರಿ. ಎಮ್ಮಿಗೆ ಲಾರ್ಜ್ ಅನ್ನಬಾರದ್ರಿ. ಬಿಗ್ ಅನ್ನಬೇಕು."

ಶಿರಸ್ತೇದಾರ ಕನ್ನಡಕದ ಮೇಲಿಂದ ಅವನನ್ನು ನೋಡಿದ. "ತಮ್ಮಾ, ಎಮ್ಮಿ ಸಿಕ್ಕೈತಿ. ಸಾಹೇಬ್ರು ಮನಸ ಬದಲ ಮಾಡೂದರಾಗ ಹೊಡಕೊಂಡ ಹೋಗು."

ಎಮ್ಮೆಯನ್ನು ಇಂಗ್ಲಿಷಿನಿಂದ ಬಿಡಿಸಿ ತಂದೆ ಎಂದು ಮೈದುನ ಸಾಯುವ ತನಕ ಹೇಳಿಕೊಂಡ. ಸಾಹೇಬರು ತನ್ನ ಲಿಟ್ಲ್ ಬಿಗ್ ಕೇಳಿ ಯೋಚನೆಗೆ ಬಿದ್ದದ್ದರಿಂದಲೇ ಎತ್ತಿನ ಮಾತು ಬಂತೆಂದು ಅವನ ವಾದ. ಅವನ ಮಕ್ಕಳಿಗೂ ಹಾಗೇ ಹೇಳಿ ಕಲಿಸಿದ. ನಾನು ಮುದುಕಿಯಾದ ಮೇಲೆ ನಾಲ್ಕು ಅಕ್ಷರ ಕಲಿತು, ಸಾಲೆಯಲ್ಲಿ ಇಂಗ್ಲಿಷು ಕಲಿಸುವ ಮೊಮ್ಮಗನಿಗೆ ಬಿಗ್ ಯಾವಾಗ, ಲಾರ್ಜ್ ಯಾವಾಗ ಎಂದು ಕೇಳಿದೆ. ಅವನೂ ಮೇಲೆ ತೊಲೆ ನೋಡಿದ. "ರೂಢಿಯಿಂದ ಬರತೈತಿ, ಅಜ್ಜಿ" ಎಂದ.

ಸವದತ್ತಿಯಿಂದ ಮನೆಯ ತನಕ ಅತ್ತೆ ನನ್ನ ಜೊತೆ ಮಾತಾಡಲಿಲ್ಲ. ಎಮ್ಮೆಯ ಜೊತೆ ಆಡಿದಳು. "ನಿನಗೇನೂ ಆಗಂಗಿಲ್ಲ ನನ್ನವ್ವಾ, ಹೊಲಸ ಬಾಯಿ, ಹೊಲಸ ಬಾಯಿ" ಎಂದು ಅದರ ಬೆನ್ನು ಸವರುತ್ತ ನಡೆದಳು. ಮನೆ ಮುಟ್ಟಿದವಳೇ ಅದರ ಹಣೆಗೆ ಮಸಿ ಬಳಿದು, ಕೊರಳಿಗೆ ಹರಿದ ಕೆರವೊಂದನ್ನು ಕಟ್ಟಿದಳು. ನನ್ನ ಗಂಟನ್ನು ಮಾತ್ರ ತಾನೇ ಕಿತ್ತುಕೊಂಡು ಒಳಗೆ ಎಸೆದಳು. ಕಳಿಸಲು ಅವಳಿಗೆ ಈಗ ನೆಪ ಉಳಿದಿರಲಿಲ್ಲ.

ಎಮ್ಮೆಗೆ ಏನೂ ಆಗಲಿಲ್ಲ. ಆದದ್ದು ಬೇರೆ. ಡೇರೆಯ ಮುಂದೆ ನಮ್ಮ ಊರಿನವರೂ ಇದ್ದರಲ್ಲ. ಮರುದಿನ ನಸುಕಿನಲ್ಲಿ ನಾನು ಹಿಂಡಿ ಏಳುವುದರೊಳಗೆ ಓಣಿಯ ಕೊನೆಯ ಮನೆಯವಳು ಚರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ತಂಗೀ, ತಂಬಿಗಿ ತುಂಬಿ ಹೊರಗ ಚೆಲ್ಲತೈತಿ ಅಂದೆಂತಲ್ಲ. ಸುಮ್ಮನ ಯಾಕ ಚೆಲ್ಲಬೇಕು? ಒಂದೀಟು ಹಾಕವ್ವಾ, ನಮ್ಮಾಂವಗ ಕೆಮ್ಮು."

ಅವಳ ಹಿಂದೆ ಇನ್ನಿಬ್ಬರು ಬರುತ್ತಿದ್ದರು, ಅವರ ಕೈಯಲ್ಲೂ ಪಾತ್ರೆಗಳಿದ್ದವು. ಇಷ್ಟು ದಿನ ಇಂಥವರನ್ನು, "ಎಲ್ಲಿ ಹಾಲವ್ವಾ, ಕರಕ್ಕ ಸಾಲವಲ್ದು" ಎಂದು ಅತ್ತೆ ಹೊರಗಿನಿಂದಲೇ ಕಳಿಸುತ್ತಿದ್ದಳು. ಅಂದೂ ಬಾಯಿ ತೆರೆದಳು. ಆದರೆ ಪ್ರಾಂತ ಸಾಹೇಬನ ಮುಂದೆ ಸಾರಿ ಬಂದದ್ದನ್ನು ಸಾಲದೆನ್ನುವುದು ಹೇಗೆ? ತೆರೆದ ಬಾಯಿಯನ್ನು ನನ್ನ ಕಡೆ ತಿರುಗಿಸಿದಳು.

"ದೊಡ್ಡದು ಅಂದಾಕಿ ನೀನು. ನೀನ ಹಾಕು."

ಹಾಕಿದೆ. ಆ ಎಮ್ಮೆ ಬತ್ತುವ ತನಕ ದಿನಾ ನಸುಕಿನಲ್ಲಿ ನಾನೇ ಹಾಕಿದೆ.